ತಂಗಡಿಗೆ ಮೊದಲ ಕತ್ತರಿ

ನಮ್ಮ ದೊಡ್ಡಮ್ಮ ಕದಿರಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ. ಮುದ್ದೇನಹಳ್ಳಿ ಸುತ್ತಿನ ದ್ರಾಕ್ಷಿತೋಟಗಳಲ್ಲಿ ಮೂವತ್ತು ವರ್ಷ ಕತ್ತರಿ ಹಿಡಿದು ಬಳ್ಳಿ ಸವರಿದ ಕೈ ಅವಳದು. ದಿನಾ ಬೆಳಿಗ್ಗೆ ಬಳ್ಳಿ ಮುಟ್ಟುವ ಮೊದಲು ಬದುವಿನ ತಂಗಡಿ ಗಿಡದ ಒಂದು ರೆಂಬೆ ಕತ್ತರಿಸುತ್ತಿದ್ದಳು. ಕತ್ತರಿಯ ದೃಷ್ಟಿ ಕಾಡುಗಿಡಕ್ಕೆ ತಾಕಿ ಹೋಗಲಿ ಅಂತ ಅವಳಪ್ಪ ಕಲಿಸಿದ್ದು. ಯಾರೂ ನೋಡಬಾರದು, ಹಾಗಾಗಿ ಆಳುಗಳು ಬರುವ ಮುಂಚೆಯೇ ಮುಗಿಸುತ್ತಿದ್ದಳು.

ಹೋದ ವರ್ಷ ಅವಳು ಕೆಲಸಕ್ಕೆ ಹೋಗುತ್ತಿದ್ದ ಮುರಳಿಮೋಹನನ ತೋಟದಲ್ಲಿ ಬಳ್ಳಿಗಳು ಒಣಗತೊಡಗಿದವು. ಸಸ್ಯರೋಗ ತಜ್ಞೆ ಪದ್ಮಶ್ರೀ ಬಂದು ಬಳ್ಳಿ, ತಂಗಡಿ ಎರಡನ್ನೂ ಸೀಳಿ ಚೂರು ಒಯ್ದಳು. ತಿಂಗಳಾದ ಮೇಲೆ ಬಂದು ಎಲ್ಲರೆದುರು ಹೇಳಿದಳು.

"ಎರಡರಲ್ಲೂ ಒಂದೇ ಬೂಷ್ಟು. ತಂಗಡಿಗೆ ಅದು ಏನೂ ಮಾಡಲ್ಲ, ಒಳಗೇ ಸುಮ್ನೆ ಇರುತ್ತೆ. ಬಳ್ಳಿಗೆ ಕತ್ತರಿಸಿದ ಗಾಯದಿಂದ ಹೋಗಿದೆ. ಆದ್ರೆ ನಾಲ್ಕೈದು ಸಾಲಿಗೊಮ್ಮೆ, ಸಾಲಿನ ಮೊದಲ ಬಳ್ಳಿಗಳೇ ಯಾಕೆ ಒಣಗಿವೆ ಅನ್ನೋದು ಗೊತ್ತಾಗ್ತಿಲ್ಲ."

ದೊಡ್ಡಮ್ಮನಿಗೆ ಗೊತ್ತಾಯಿತು. ಅವತ್ತು ಅವಳು ಊಟ ಮಾಡಲಿಲ್ಲ.

ಮುರಳಿಮೋಹನ ಅರ್ಧ ಮಾತ್ರ ಕೇಳಿಸಿಕೊಂಡ. ಅರ್ಧ ಕೇಳಿ ಕುಣಿಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಬದುವಿನ ತಂಗಡಿಯನ್ನೆಲ್ಲ ಬೇರುಸಮೇತ ಕೀಳಿಸಲು ಮರುದಿನವೇ ಜೆಸಿಬಿ ತರಿಸಿದ.

ದೊಡ್ಡಮ್ಮ ಅಡ್ಡ ನಿಂತಳು. "ನಿಲ್ಸೋ! ಮಳೆ ಇಲ್ದಿದ್ರೂ ಈ ಬದು ಹಿಡ್ಕೊಂಡಿರೋ ಗಿಡ ಇದು. ನಿನ್ನ ದ್ರಾಕ್ಷಿ ಮೊನ್ನೆ ಬಂದಿದ್ದು ಕಣೋ."

"ರೋಗ ಅದರದ್ದೇ ಅಂತ ಮೇಡಮ್ಮೇ ಹೇಳ್ಲಿಲ್ವಾ, ಅಕ್ಕ?"

ಸುಮ್ಮನಿದ್ದಿದ್ದರೆ ಅವಳ ಹೆಸರು ಉಳಿಯುತ್ತಿತ್ತು.

"ಅದರೊಳಗಿತ್ತು. ತಂದು ಹಚ್ಚಿದ್ದು ನಾನು. ದಿನಾ ಮೊದಲ ಕತ್ತರಿ ತಂಗಡಿಗೆ, ಎರಡನೇದು ನಿನ್ನ ಬಳ್ಳಿಗೆ. ದಿನಕ್ಕೆ ನಾಲ್ಕೈದು ಸಾಲು ಸವರ್ತೀನಿ, ಒಣಗಿರೋವೆಲ್ಲ ನಾನು ಬೆಳಿಗ್ಗೆ ಕೆಲಸ ಶುರು ಮಾಡಿದ ಬಳ್ಳಿಗಳು."

ಜೆಸಿಬಿ ವಾಪಸ್ ಹೋಯಿತು. ಅವಳನ್ನೂ ಕಳಿಸಿದ. ಅವಳ ಕೈಗುಣ ಕೆಟ್ಟದ್ದು ಅಂತ ಊರೂರು ಸಾರಿಕೊಂಡು ಬಂದ. ಥೂ! ಮೂವತ್ತು ವರ್ಷ ಅದೇ ಕೈಗುಣದಲ್ಲಿ ಬೆಳೆದ ಹಣ್ಣು ತಿಂದ ಬಾಯಿ ಅದು. ಆಮೇಲೆ ಯಾರೂ ಅವಳನ್ನು ಕರೆಯಲಿಲ್ಲ.

ಈ ವರ್ಷ ಮುರಳಿಮೋಹನನ ಬಳ್ಳಿ ಸವರಲು ಬೇರೆ ಗುಂಪು ಬಂತು. ಇನ್ಯಾರದೋ ತೋಟ ಮುಗಿಸಿ, ಕತ್ತರಿಯನ್ನು ಲುಂಗಿಗೆ ಒರೆಸಿಕೊಂಡು ನೇರ ಬಳ್ಳಿಗೆ ಕೈ ಹಾಕಿದರು. ಮುರಳಿಮೋಹನ ನೋಡುತ್ತಾ ನಿಂತಿದ್ದ. ದೊಡ್ಡಮ್ಮ ಬೂಷ್ಟು ಸಾಯಿಸುವ ಸ್ಪಿರಿಟ್ ತುಂಬಿದ ಡಬ್ಬ ಹಿಡಿದು, ಕರೆಯದ ಆ ತೋಟಕ್ಕೆ ನುಗ್ಗಿದಳು.

"ಅದ್ದ್ರೋ ಕತ್ತರಿನ ಇದರಲ್ಲಿ! ಅದ್ದದೆ ಬಳ್ಳಿ ಮುಟ್ಟಿದ್ರೆ ಕೈ ಮುರೀತೀನಿ!"

ಆಳುಗಳು ಮುರಳಿಮೋಹನನ ಮುಖ ನೋಡಿದರು. ಅವಳು ಸೊಂಟದಿಂದ ತನ್ನ ಹಳೇ ಕತ್ತರಿ ತೆಗೆದು, ಯಾರೂ ಕೆಲಸಕ್ಕೆ ಕರೆಯದ ಆ ಕತ್ತರಿಯನ್ನೇ ಮೊದಲು ಅದ್ದಿದಳು.