ಅರಿಷಿಣ ಕುಡಿದ ಕಲ್ಲು

ಮಾಸ್ಟ್ರಿಕ್ಟ್ ಬಳಿ ನಾವು ಬಾಡಿಗೆಗಿರುವ ಹಳೆಯ ಕಲ್ಲಿನ ಮನೆಯನ್ನು ನೋಡಿದವರೆಲ್ಲ, ಪುಣ್ಯ ಮಾಡಿದ್ದೀರಿ ಅನ್ನುತ್ತಾರೆ. ಒಂದು ಚಳಿಗಾಲ ಇದ್ದು ನೋಡಲಿ. ಗೋಡೆ ಮೊಳದಪ್ಪ, ಕಲ್ಲು ಮಾತ್ರ ಬೆಲ್ಲದಷ್ಟು ಮೆತ್ತಗೆ. ಗರಗಸದಲ್ಲಿ ಕೊಯ್ದು ಕಟ್ಟಿದ್ದಂತೆ. ಬಾಗಿಲು ಗಿಡ್ಡ, ನನ್ನ ಗಂಡನ ಹಣೆಯ ಗಾಯ ಮಾಯ್ದದ್ದೇ ಇಲ್ಲ. ಕಿಟಕಿಗೆ ಇನ್ನೊಂದು ಗಾಜು ಹಾಕಿಸುವಂತಿಲ್ಲ, ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಕೇಳಿದರೆ ಒಂದೇ ಮಾತು: ಮೊನುಮೆಂಟ್. ಸ್ಮಾರಕದಲ್ಲಿ ಸಂಸಾರ ಮಾಡುವುದೆಂದರೆ ಏನೆಂದು ನನ್ನನ್ನು ಕೇಳಿ. ಕಲ್ಲು ಉಸಿರಾಡಬೇಕು ಅನ್ನುತ್ತಾರೆ ಮನೆಯೊಡತಿ. ಅದು ಉಸಿರಾಡಿ ಉಸಿರಾಡಿ ನನ್ನ ಸೀರೆಗಳಿಗೆಲ್ಲ ಬೂಷ್ಟು ಬಂದಿದೆ.

ಬಾಗಲಕೋಟೆಯಿಂದ ಅತ್ತೆ ಬಂದರು. ಮರುದಿನವೇ, "ಬಾಗಲಾ ಬೋಳ ಐತಲ್ಲವಾ, ಇದೇನು ಮನಿನೋ ಗೋದಾಮೋ?" ಎಂದರು. ಮೊಳೆ ಹೊಡೆಯದೆ ತೋರಣ ಕಟ್ಟಲಾಗದು ಎಂದು ವಿವರಿಸಿ ನಾನು ಲ್ಯಾಬಿಗೆ ಹೋದೆ. ಸಂಜೆ ಬರುವಷ್ಟರಲ್ಲಿ ಹೊಸ್ತಿಲಿಗೂ ಬಾಗಿಲ ಎರಡೂ ಬದಿಯ ಕಲ್ಲಿಗೂ ಅರಿಷಿಣ ಬಳಿದಿದ್ದರು. ಒರೆಸಿದೆ. ಹೊಸ್ತಿಲು ಗಟ್ಟಿಗಲ್ಲಿನದು, ಬಿಟ್ಟುಕೊಟ್ಟಿತು. ಬದಿಯ ಮೆತ್ತನೆ ಕಲ್ಲು ಕುಡಿದೇಬಿಟ್ಟಿತ್ತು. ನನಗೆ ಅಳುವೇ ಬಂತು. ಇಲ್ಲಿಂದ ಎಬ್ಬಿಸಿದರೆ ಈ ಊರಲ್ಲಿ ಇನ್ನೊಂದು ಮನೆ ಸಿಗುವುದು ಅಷ್ಟರಲ್ಲೇ ಇದೆ.

"ಒಂದ್ ಮಾತು ಕೇಳಬಾರದಿತ್ತೇನ್ರಿ ಅತ್ತಿ?"

"ಹೊಸ್ತಿಲಕ್ಕ ಅರಿಷಿಣ ಹಚ್ಚಾಕ ಯಾರನ್ನ ಕೇಳತಾರ ಯವ್ವಾ?"

ಮಾರನೆಯ ದಿನ ಮನೆಯೊಡತಿ ಬಂದು ನೋಡಿದರು. ಬೈಯಲಿಲ್ಲ, ಅದೇ ಪುಣ್ಯ. ನನ್ನ ಕೈಗೊಂದು ಬ್ರಷ್ ಕೊಟ್ಟು, ನೀರು ತಾಗಿಸದೆ ಉಜ್ಜಿ ತೆಗೆಯಬೇಕು ಎಂದರು. ಆದರೆ ಪಕ್ಕದಲ್ಲೇ ಇದ್ದ ಹಳೆಯ ಗೀರುಗಳನ್ನು ಮುಟ್ಟಕೂಡದು. ಕೆಟ್ಟದ್ದು ಒಳಗೆ ಬರದಿರಲೆಂದು ಯಾವ ಕಾಲದಲ್ಲೋ ಈ ಮನೆಯವರು ಗೀರಿದ ಗುರುತಂತೆ. ಅದೂ ಮೊನುಮೆಂಟ್.

ಅವರು ಹೋದ ಮೇಲೆ ಅತ್ತೆಗೆ ಹೇಳಿದೆ. ಅತ್ತೆ ಆ ಗೀರುಗಳನ್ನು ಬೆರಳಿನಿಂದ ಸವರಿದರು.

"ಆ ಕಾಲದಾಕಿನೂ ಮನಿ ಕಾಯಲಿ ಅಂತ ಗೀರ್ಯಾಳ, ನಾನೂ ಅದಕ್ಕ ಹಚ್ಚೀನಿ. ಆಕೀದು ಇರಬೇಕು, ನಂದು ಹೋಗಬೇಕೇನು?"

ಬ್ರಷ್ ಎತ್ತಿಕೊಂಡೆ. ಮನೆಯ ಮೇಲಿನ ಸಿಟ್ಟು, ಅತ್ತೆಯ ಮೇಲಿನ ಸಿಟ್ಟು, ಎಲ್ಲ ಬ್ರಷ್ಷಿನ ಮೇಲೆ ತೀರಿಸಿದೆ. ಹಳದಿ ಹೋಗುವವರೆಗೂ ಉಜ್ಜಿದೆ. ಕಲ್ಲು ಹಿಟ್ಟಿನಂಥ ಪುಡಿಯಾಗಿ ಉದುರಿ ಹೊಸ್ತಿಲ ಮೇಲೆ ಗುಡ್ಡೆಯಾಯಿತು. ಕಸಬರಿಗೆ ತರಲು ಒಳಗೆ ಹೋದೆ.

ಬರುವಷ್ಟರಲ್ಲಿ ಅತ್ತೆ ಕುಕ್ಕರುಗಾಲಲ್ಲಿ ಕೂತು, ಅದೇ ಪುಡಿಯನ್ನು ಚಿಟಿಕೆಯಲ್ಲಿ ಹಿಡಿದು ಹೊಸ್ತಿಲಿಗೆ ರಂಗೋಲಿ ಎಳೆಯುತ್ತಿದ್ದರು.

"ಆಕಿ ಕಲ್ಲು, ಆಕಿ ಹೊಸ್ತಿಲದ ಮ್ಯಾಲ," ಎಂದರು ತಲೆ ಎತ್ತದೆ. "ದಾಟಿ ಬಾ, ತುಳೀಬ್ಯಾಡ."