‘ಯಾಕಬೇ’ ಅಂದದ್ದಕ್ಕೆ

ಒಂದೇ ಒಂದು ಅಕ್ಷರಕ್ಕೆ ನನ್ನನ್ನು ವಾರ್ಡಿನಿಂದ ಹೊರಗೆ ಹಾಕಿದರು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಯಾದಗಿರಿಯಲ್ಲಿ ನರ್ಸಿಂಗ್‌ಗೆ ಸೇರಿದ್ದೆ. ಓದು ನನಗೆ ಒಗ್ಗುವ ಕೆಲಸವಲ್ಲ, ಪಿಯುಸಿ ಹೇಗೋ ದಾಟಿದವನು. ಇಂಗ್ಲಿಷ್ ಪುಸ್ತಕ ತೆರೆದರೆ ತಲೆ ಭಾರ. ಆದರೆ ಕೈಗೆಲಸದಲ್ಲಿ ಹಿಂದೆ ಬೀಳುತ್ತಿರಲಿಲ್ಲ. ರೋಗಿ ಮಲಗಿದ್ದಂತೆಯೇ ಕೆಳಗಿನ ಚಾದರ ಬದಲಿಸುವುದು, ಬಿಪಿ ನೋಡುವುದು, ಗಾಯ ತೊಳೆದು ಪಟ್ಟಿ ಕಟ್ಟುವುದು, ಎಲ್ಲವನ್ನೂ ರಬ್ಬರ್ ಬೊಂಬೆಯ ಮೇಲೆ ಮಾಡಿ ಮಾಡಿ ಬೇಸರ ಬಂದಿತ್ತು. ಆಸ್ಪತ್ರೆಯ ವಾರ್ಡಿಗೆ ಹೋಗಲು ಇನ್ನೊಂದೇ ಪರೀಕ್ಷೆ ಬಾಕಿ: ರೋಗಿಯನ್ನು ಮಾತಾಡಿಸುವುದು. ಅದರಲ್ಲಿ ಪಾಸಾಗದವರು ಬೊಂಬೆಯ ಕೋಣೆಯಲ್ಲೇ ಉಳಿಯಬೇಕು.

ಪಾಠ ಹೇಳುವ ಮೇಡಂ ಮೈಸೂರು ಕಡೆಯವರು. ಅವರೇ ಮಂಚದ ಮೇಲೆ ಮಲಗಿ ಮುದುಕಿಯ ಹಾಗೆ ನರಳಿದರು. ನಾನು ಹತ್ತಿರ ಹೋಗಿ, “ಯಾಕಬೇ, ಎಲ್ಲಿ ಬ್ಯಾನಿ ಆಗ್ಯದ?” ಅಂದೆ.

ಮುದುಕಿ ತಟ್ಟನೆ ಎದ್ದು ಕೂತಳು.

“ಏನ್ರೀ ಅದು, ಬೇ? ತಾಯಿ ವಯಸ್ಸಿನವರನ್ನ ಹೀಗಾ ಮಾತಾಡ್ಸೋದು?”

“ನಮ್ಮವ್ವಗೂ ಹಂಗ ಅಂತೀನ್ರಿ ಮೇಡಂ.”

“ಹಾಗಾದ್ರೆ ಮನೇಲೇ ಕಲಿಸಿಲ್ಲ.”

ಇಡೀ ಕ್ಲಾಸು ನಕ್ಕಿತು. ನಮ್ಮ ಸುರಪುರದ ಹುಡುಗರೂ ನಕ್ಕರು, ತಮ್ಮ ಅವ್ವಂದಿರನ್ನು ದಿನಾ ಹಾಗೇ ಕರೆಯುವವರು! ನಮ್ಮ ಕಡೆ ‘ಬೇ’ ಅನ್ನುವುದು ಅವ್ವನಿಗೆ, ಅಜ್ಜಿಗೆ, ನಮ್ಮವಳು ಅನ್ನಿಸಿದ ಹಿರಿಯಳಿಗೆ. ಅದನ್ನು ಹೇಳಲು ಬಾಯಿ ತೆರೆದೆ. ಮೇಡಂ ಕೈ ಅಡ್ಡ ಹಿಡಿದರು. “‘ಅಮ್ಮಾ, ನಿಮಗೇನು ತೊಂದರೆ?’ ಅಂತ ಕೇಳೋದು ಕಲೀರಿ. ಸೋಮವಾರ ಮತ್ತೆ ನೋಡ್ತೀನಿ.”

ಶನಿವಾರ ಊರಿಗೆ ಹೊರಟೆ. ಶಹಾಪುರದ ತನಕ ಬಸ್ಸಿನಲ್ಲಿ ಕ್ಲಾಸಿನ ಹುಡುಗಿಯೊಬ್ಬಳಿದ್ದಳು, ಮನೆಯಲ್ಲಿ ಉರ್ದು ಮಾತಾಡುವವಳು.

“ನಮ್ಮನ್ಯಾಗ ‘ಬೇ’ ಅಂದ್ರ ಬೈಗುಳ ನೋಡಪಾ. ಅಬ್ಬಾ ಕಪಾಳಕ್ಕ ಕೊಡ್ತಾರ,” ಅಂದಳು.

“ಹಂಗಾದ್ರ ನೀನೂ ಮೇಡಂ ಕಡಿಗೇ ಏನು?”

“ಹುಚ್ಚ! ಬಾಜೂ ಮನಿ ಮುದುಕಿಗಿ ನಾನೂ ‘ಉಂಡಿ ಏನಬೇ’ ಅಂತೀನಿ. ಯಾರಿಗಿ ಅಂತೀವಿ ಅನ್ನೋದು ನೋಡಬೇಕು. ಆದ್ರ ಸೋಮವಾರ ಆಕಿ ಹೇಳಿದ್ದ ಹೇಳು. ಇಲ್ಲಾಂದ್ರ ಬೊಂಬಿ ಜೋಡಿ ನಿನ್ನ ಲಗ್ನ ಮಾಡ್ತೀವಿ.”

ಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಎದುರಿಗೆ ಕೂತು ಅಭ್ಯಾಸ ಶುರು ಮಾಡಿದೆ. “ಅಮ್ಮಾ, ನಿಮಗೇನು ತೊಂದರೆ?”

ಬಡಿಯುವ ಕೈ ನಿಂತಿತು. “ಯಾಕೋ, ನನ್ ಮ್ಯಾಲ ಸಿಟ್ಟಾಗಿಯೇನು? ನಾ ಏನ್ ತಪ್ಪ ಮಾಡೀನಿ?”

“ಇಲ್ಲಬೇ! ಜಡ್ಡಿನವರಿಗಿ ಹಿಂಗ ಕೇಳ್ರಿ ಅಂತಾರ ಕಾಲೇಜಿನ್ಯಾಗ.”

“ಹಿಂಗ ಕೇಳಿದ್ರ ಯಾರು ಬಾಯಿ ಬಿಡ್ತಾರೋ? ಪೊಲೀಸ ಬಂದಂಗ ಆತಲ್ಲ!”

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಮನೇಲೇ ಕಲಿಸಿಲ್ಲ ಅನ್ನಿಸಿಕೊಂಡವಳು ಇವಳೇ. ಅದನ್ನು ಅವಳಿಗೆ ಹೇಳಲಿಲ್ಲ.

ಸೋಮವಾರ ಗಿಣಿಯ ಹಾಗೆ ಒಪ್ಪಿಸಿ ಪಾಸಾದೆ. ಮರುದಿನ ಬಿಳಿ ಬೂಟು ಹಾಕಿಕೊಂಡು ವಾರ್ಡಿಗೆ ಹೋದೆ. ನನಗೆ ಸಿಕ್ಕಿದ್ದು ಸಗರದ ಒಬ್ಬ ಅಜ್ಜಿ, ಆಗಷ್ಟೇ ಬಂದು ಸೇರಿದವಳು, ಕಾಲಿಗೆ ಊರಲ್ಲೇ ಕಟ್ಟಿಸಿಕೊಂಡ ಪಟ್ಟಿ. ಮೇಡಂ ಪಕ್ಕದಲ್ಲೇ ನಿಂತಿದ್ದರು.

“ಅಮ್ಮಾ, ನಿಮಗೇನು ತೊಂದರೆ?”

ಅಜ್ಜಿ ಸೀರೆ ಎಳೆದು ಕಾಲು ಮುಚ್ಚಿಕೊಂಡಳು. “ಏನಿಲ್ರಿ ಸಾಹೇಬ್ರ. ಆರಾಮದೀನ್ರಿ.”

ಕೀವಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಆರಾಮಂತೆ! ಇನ್ನೊಮ್ಮೆ ಕೇಳಿದೆ. ಅದೇ ಉತ್ತರ. ಮೇಡಂ ನನ್ನ ಕಡೆ ತಲೆಯಾಡಿಸಿ, ಸರಿಯಾಗಿ ಕೇಳಿದೆ ಅನ್ನುವಂತೆ, ಮುಂದಿನ ಮಂಚಕ್ಕೆ ಹೊರಟರು. ನನಗೆ ಸಿಟ್ಟು ನೆತ್ತಿಗೇರಿತು.

“ಯಾಕಬೇ, ಕಾಲು ಯಾಕ ಮುಚ್ಚಿದಿ? ತೋರ್ಸಬೇ ಇತ್ತಾಗ.”

“ಅಯ್ಯ, ನಮ್ಮ ಕಡ್ಯಾವನೇನು ನೀ?” ಅಜ್ಜಿ ಕಾಲು ಹೊರಗೆ ಚಾಚಿದಳು. “ಬೆರಳು ಕಪ್ಪಾಗ್ಯಾವ ನೋಡಪಾ. ಹೇಳಿದ್ರ ಕಾಲು ಕಡೀತಾರ ಅಂತ ಸುಮ್ಮಕಿದ್ದೆ.”

ಮೇಡಂ ತಿರುಗಿ ಬಂದರು. ಕಾಲು ನೋಡಿದ ಕೂಡಲೇ ಡಾಕ್ಟರನ್ನು ಕರೆಸಿದರು. ಅದನ್ನು ಇಲ್ಲ ಅನ್ನುವುದಿಲ್ಲ. ಆಮೇಲೆ ನನ್ನನ್ನು ಬಾಗಿಲ ಹತ್ತಿರ ಕರೆದರು.

“ನೋಡಿದ್ದು ಒಳ್ಳೇದೇ ಆಯ್ತು. ಆದ್ರೆ ಆ ಮಾತು ಮತ್ತೆ ಬಂತಲ್ಲ? ನಾಳೆಯಿಂದ ಪ್ರಾಕ್ಟೀಸ್ ರೂಮು. ನಾಲಿಗೆ ತಿದ್ದಿಕೊಂಡ ಮೇಲೆ ವಾರ್ಡು.”

ಮರುದಿನ ಎಲ್ಲರೂ ವಾರ್ಡಿಗೆ ಹೋದರು. ಶಹಾಪುರದವಳು ಹೋಗುವಾಗ ಬಾಗಿಲಲ್ಲಿ ಇಣುಕಿ, “ಲಗ್ನದ ಊಟ ಯಾವಾಗೋ?” ಅಂದಳು. ಅಜ್ಜಿಯ ಕಾಲು ಏನಾಯಿತೋ ನೋಡಿ ಬಾ ಅಂದೆ.

ಕೋಣೆಯಲ್ಲಿ ನಾನು, ಬೊಂಬೆ. ಕಾಲಿಗೆ ಪಟ್ಟಿ ಕಟ್ಟುವುದನ್ನು ಮತ್ತೆ ಮಾಡಲು ಹೇಳಿದ್ದರು. ಪಕ್ಕದ ಕೋಣೆಯಲ್ಲಿ ಮೇಡಂ ಇದ್ದರು.

“ಕಾಲು ಚಾಚಬೇ,” ಅಂದೆ. ಗೋಡೆಯಾಚೆ ಕೇಳಲಿ ಅಂತಲೇ ಗಟ್ಟಿಯಾಗಿ ಅಂದೆ.