ಊಟ ಆಯ್ತಾ ಎಂದು ಕೇಳದವರು

ನಮ್ಮ ಕಡೆಯವರಿಗೆ ಫೋನಿನಲ್ಲಿ ನೇರ ವಿಷಯಕ್ಕೆ ಬರುವುದೆಂದರೆ ಮರ್ಯಾದೆಗೆಟ್ಟ ಕೆಲಸ. ಮನೆಗೆ ಬೆಂಕಿ ಬಿದ್ದಿದೆ ಎಂದು ಹೇಳಲು ಫೋನು ಮಾಡಿದವರೂ ಮೊದಲು "ಎಂತ ಮಾರಾಯ್ತಿ, ಊಟ ಆಯ್ತಾ?" ಎಂದು ಕೇಳಿಯೇ ಮುಂದುವರಿಯುತ್ತಾರೆ ಅಂತ ನಾನು ಕಂಡಕಂಡಲ್ಲಿ ತಮಾಷೆ ಮಾಡಿದ್ದುಂಟು. ಈ ತಮಾಷೆಯೇ ಒಂದು ದಿನ ನನ್ನ ಕೆಲಸಕ್ಕೆ ಅಡ್ಡ ಬರುತ್ತದೆ ಅಂತ ಗೊತ್ತಿರಲಿಲ್ಲ.

ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ, ಗೊಬ್ಬರದಂಗಡಿಯ ಮಹಡಿಯಲ್ಲಿ ನನ್ನ ಆಫೀಸು. ಅಲ್ಲಿ ಕೂತು ಏನು ಮಾಡುತ್ತೇನೆ ಎಂದು ಕೇಳಿದವರಿಗೆ ಹೇಳಿ ಹೇಳಿ ಈಗ ಚುಟುಕಾಗಿ ಹೇಳುವುದು ಕಲಿತಿದ್ದೇನೆ. ಜನರ ಮಾತು ರೆಕಾರ್ಡು ಮಾಡಿ ಕ್ಲೌಡಿಗೆ, ಅಂದರೆ ಎಲ್ಲೋ ದೂರದ ಬಾಡಿಗೆ ಕಂಪ್ಯೂಟರುಗಳಿಗೆ, ಕಳಿಸುತ್ತೇನೆ. ಅಲ್ಲಿ ಒಂದು ಜಾಬು, ಅಂದರೆ ತಾನೇ ಓಡುವ ಒಂದು ಪ್ರೋಗ್ರಾಮು, ಆ ಮಾತನ್ನೆಲ್ಲ ಸೋಸಿ, ಕತ್ತರಿಸಿ, ಮಷಿನ್ನು ಕಲಿಯುವಂತೆ ಹದ ಮಾಡಿಕೊಡುತ್ತದೆ. ಯಾವ ಫೋಲ್ಡರಿನಿಂದ ಎತ್ತಿಕೊಳ್ಳಬೇಕು, ಎಲ್ಲಿ ಇಡಬೇಕು, ಎಷ್ಟು ದೊಡ್ಡ ಮಷಿನ್ನು ಸಾಕು, ಯಾವ ಫೈಲು ಬೇಕು, ಯಾವುದು ಬೇಡ, ಇಷ್ಟನ್ನು ಕಾನ್ಫಿಗರೇಶನ್ ಫೈಲಿನಲ್ಲಿ ಬರೆದುಕೊಟ್ಟರೆ ಆಯಿತು. ನಾವು ಬರೆದದ್ದು ಶುದ್ಧ ತಪ್ಪಾಗಿದ್ದರೂ ಅದು ಚಾಚೂ ತಪ್ಪದೆ ಮಾಡಿ ಮುಗಿಸಿ ಹಸಿರು ಗುರುತು ಹಾಕುತ್ತದೆ. ಇಷ್ಟು ವಿಧೇಯರು ನಮ್ಮ ಮನೆತನದಲ್ಲಿ ಯಾರೂ ಹುಟ್ಟಿಲ್ಲ.

ಆಗ ಕೈಗೆ ಬಂದಿದ್ದ ಕೆಲಸ ಇದು: ಆಸ್ಪತ್ರೆಗೆ ಹೋಗಲು ಗಾಡಿ ಬೇಕಾದವರು ಒಂದು ನಂಬರಿಗೆ ಫೋನು ಮಾಡಿ ತಮ್ಮ ಮಾತಿನಲ್ಲೇ ಹೇಳಿಕೊಳ್ಳಬೇಕು. ಮಷಿನ್ನು ಕೇಳಿ, ಯಾರದ್ದು ತುರ್ತು, ಯಾರದ್ದು ಸ್ವಲ್ಪ ತಡೆದೀತು ಎಂದು ವಿಂಗಡಿಸಿ, ತುರ್ತಿನದ್ದನ್ನು ಗಾಡಿ ಕಳಿಸುವವರ ಕಣ್ಣೆದುರಿನ ಪಟ್ಟಿಯಲ್ಲಿ ಮೇಲಕ್ಕೆ ತರಬೇಕು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲೂಕಿನ ಮಾತು ಮಷಿನ್ನಿಗೆ ಅರ್ಥವಾದರೆ ನಮಗೂ ಆ ನಂಬರು ಸಿಗುತ್ತದೆ. ಇಲ್ಲದಿದ್ದರೆ ನಂಬರು ನಡೆಸುವವರು ನಮ್ಮನ್ನು ಬಿಟ್ಟು ಮುಂದೆ ಹೋಗುತ್ತಾರೆ.

ನನಗೆ ಇದರಲ್ಲಿ ಸ್ವಂತ ಆಸೆ ಇತ್ತು. ಬಸರೀಕಟ್ಟೆಯಲ್ಲಿ ನನ್ನ ದೊಡ್ಡಮ್ಮನ ಗಂಡ ಜೀಪು ಇಟ್ಟುಕೊಂಡಿದ್ದಾರೆ. ಸುತ್ತಿನ ಎಸ್ಟೇಟುಗಳಲ್ಲಿ ಹೆರಿಗೆ ನೋವು ಬಂದವರು, ಮರದಿಂದ ಬಿದ್ದವರು, ಎಲ್ಲರೂ ಆಸ್ಪತ್ರೆ ಕಂಡದ್ದು ಆ ಜೀಪಿನಲ್ಲೇ. ಹಿಂದಿನ ಬೇಸಿಗೆಯಲ್ಲಿ ಅವರಿಗೇ ಎದೆ ಹಿಡಿಯಿತು. ಜೀಪು ಅಂಗಳದಲ್ಲೇ ಇತ್ತು, ಓಡಿಸಲು ಬರುವವರು ಮಾತ್ರ ಇರಲಿಲ್ಲ. ಜಯಪುರದಿಂದ ಗಾಡಿ ಬರುವಷ್ಟರಲ್ಲಿ ಜೀವ ಹೋಗಿ ಬಂದಂತಾಗಿತ್ತು. ಇನ್ನೊಂದು ಸಲ ಹೀಗಾದರೆ ಬೇಗ ಮುಟ್ಟಿಸಲೇಬೇಕು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ದೊಡ್ಡಪ್ಪ ಮಾತ್ರ "ಡಾಕ್ಟ್ರಿಗೆ ಹೆದರ್ಸದೇ ಕೆಲ್ಸ" ಎಂದು ಮರುವಾರವೇ ಸ್ಟೇರಿಂಗು ಹಿಡಿದರು.

ರೆಕಾರ್ಡು ಮಾಡಲು ಊರೂರು ತಿರುಗಿದೆ. ನಾನು ಎದುರಿಗೆ ಕೂತರೆ ಜನರ ಬಾಯಲ್ಲಿ ಪಠ್ಯಪುಸ್ತಕ ಬರುತ್ತಿತ್ತು. ಹಾಗಾಗಿ, "ಗಾಡಿ ಬೇಕಾದಾಗ ಹೇಗೆ ಹೇಳ್ತೀರೋ ಹಾಗೇ ಹೇಳಿ" ಎಂದು ಫೋನು ಕೈಗೆ ಕೊಟ್ಟು ಹೊರಗೆ ನಿಲ್ಲುತ್ತಿದ್ದೆ. ಶೃಂಗೇರಿಯಲ್ಲಿ ಒಬ್ಬರು ಮಾತು ಮುಗಿಸಿ ಬಂದು, ಆ ಕಡೆಯವರು ಉತ್ತರವನ್ನೇ ಕೊಡಲಿಲ್ಲವಲ್ಲ ಎಂದು ಬೇಜಾರು ಮಾಡಿಕೊಂಡರು. ದೊಡ್ಡಮ್ಮ ಬೇರೆಯೇ ತಕರಾರು ತೆಗೆದರು.

"ಸುಮ್‌ಸುಮ್ನೆ ಹುಷಾರಿಲ್ಲ ಅಂತ ಹೇಳಕ್ಕಾಗ್ತದೇನೆ? ಬಾಯಿಂದ ಬಂದಿದ್ದು ನಿಜ ಆಗಿಬಿಟ್ರೆ?"

"ಹಂಗಾದ್ರೆ ಹಿಂದೆ ಆಗಿದ್ದೇ ಹೇಳಿ ದೊಡ್ಡಮ್ಮ."

ಒಳಗೆ ಹೋದವರು ಬಹಳ ಹೊತ್ತು ಬಿಟ್ಟು ಬಂದರು. "ಎರಡು ಸಲ ಹೇಳಿದೀನಿ. ಯಾವ್ದು ಚೆನ್ನಾಗದೆ ಅದು ಇಟ್ಕ" ಎಂದು ಕಾಫಿ ಕಾಸಲು ಹೋದರು.

ಎಲ್ಲ ಸೇರಿಸಿ ಜಾಬು ಓಡಿಸಿದೆ. ಹಸಿರು ಗುರುತು ಬಂತು. ಕಲಿತ ಮಷಿನ್ನನ್ನು ಪರೀಕ್ಷೆಗೆ ಕೂರಿಸಿದರೆ, ಮೂರು ತಾಲೂಕಿನಲ್ಲಿ ಯಾರಿಗೂ ಯಾವ ಅವಸರವೂ ಇಲ್ಲ ಎಂದು ಹೇಳಿತು! ಹಾವು ಕಚ್ಚಿದವನದ್ದೂ ತಡೆದೀತು, ಹೆರಿಗೆಯದ್ದೂ ತಡೆದೀತು. ಇಷ್ಟು ಆರಾಮದ ಸೀಮೆ ಭೂಮಿಯ ಮೇಲೆ ಇನ್ನೊಂದಿಲ್ಲ.

ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಬೆಂಗಳೂರಿನ ನಮ್ಮ ಮುಖ್ಯ ಆಫೀಸಿನಿಂದ ಬಂದಿದ್ದ ಕಾನ್ಫಿಗರೇಶನ್ನಿನಲ್ಲಿ ಪ್ರತಿ ರೆಕಾರ್ಡಿನ ಮೊದಲ ಹತ್ತು ಸೆಕೆಂಡು ಮಾತ್ರ ತೆಗೆದುಕೊಳ್ಳಬೇಕು ಎಂದಿತ್ತು. ಬೇರೆ ಕಡೆಯವರು ಅಷ್ಟರಲ್ಲಿ ಹೇಳಿ ಮುಗಿಸುತ್ತಿದ್ದಿರಬೇಕು. ನಮ್ಮವರ ಹತ್ತು ಸೆಕೆಂಡಿನಲ್ಲಿ ಇದ್ದದ್ದು ಊಟ, ಕಾಫಿ, ಮಳೆ, ಮಕ್ಕಳು ಎಲ್ಲಿದ್ದಾರೆ ಎಂಬ ವಿಚಾರಣೆ. ನರಸಿಂಹರಾಜಪುರದ ಒಬ್ಬರು ಮಷಿನ್ನಿಗೆ ಯಾವ ಊರಾಯಿತು ಎಂದೂ ಕೇಳಿದ್ದರು. ಕಾಯಿಲೆ ಬರುವಷ್ಟರಲ್ಲಿ ಕತ್ತರಿ ಬಿದ್ದಿತ್ತು.

ವಿಡಿಯೊ ಕಾಲಿನಲ್ಲಿ ನನ್ನ ಮೇಲಿನವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಅವರು ಬಯಲುಸೀಮೆಯವರು, ನಿಂತಲ್ಲೇ ನಿರ್ಧಾರ ಮಾಡುವವರು. "ಸುಲಭ ಬಿಡಿ. ಮೊದಲ ಹತ್ತು ಸೆಕೆಂಡು ಬಿಸಾಕಿ, ಆಮೇಲಿನದ್ದು ತಗೊಳ್ಳಿ" ಎಂದರು. ನನಗೂ ಸರಿ ಎನಿಸಿತು. ಫೈಲಿನಲ್ಲಿ ಒಂದು ಸಾಲು ತಿದ್ದುವ ಕೆಲಸ, ಅಷ್ಟೆ. ತಿದ್ದಿ, ಓಡಿಸುವ ಮೊದಲು ದೊಡ್ಡಮ್ಮನ ಮಾತು ಹೇಗೆ ಬಂದಿದೆ ನೋಡೋಣ ಎಂದು ಹುಡುಕಿದರೆ ಒಂದೇ ಸಿಕ್ಕಿತು. ಅದರಲ್ಲಿ ನನ್ನ ಊಟ, ನನ್ನ ಗಂಡನ ಊಟ, ಪಕ್ಕದ ಮನೆಯ ಹೊಸ ಕರು, ಕೊನೆಗೆ ಯಾರಿಗೋ ಬಂದಿದ್ದ ಜ್ವರ. ಎರಡು ಸಲ ಹೇಳಿದ್ದೇನೆ ಎಂದಿದ್ದರಲ್ಲ, ಇನ್ನೊಂದು ಎಲ್ಲಿ?

ಅದು ಕಸದ ಫೋಲ್ಡರಿನಲ್ಲಿತ್ತು. ಹತ್ತು ಸೆಕೆಂಡಿಗಿಂತ ಚಿಕ್ಕದಾದ ಫೈಲುಗಳನ್ನು ಜಾಬು ಅಲ್ಲಿಗೆ ಎಸೆಯುತ್ತಿತ್ತು. ಹೆಡ್‌ಫೋನು ಹಾಕಿಕೊಂಡು ತೆರೆದೆ.

"ಗಾಡಿ ಬೇಕು. ಬಸರೀಕಟ್ಟೆ. ನಮ್ಮನೆಯವ್ರು ಎದೆ ಹಿಡ್ಕೊಂಡು ಕೂತಿದಾರೆ. ಬೇಗ."

ಅಷ್ಟೇ. ಹಿಂದಿನ ಬೇಸಿಗೆಯ ಆ ಬೆಳಗ್ಗೆ ಹೇಳಿದ್ದ ಮಾತನ್ನೇ ಅವರು ನೆನಪಿಂದ ತೆಗೆದು ಹೇಳಿದ್ದರು. ದನಿಯೂ ಅದೇ ಇರಬೇಕು. ನಾನು ಹುಟ್ಟಿದಾಗಿನಿಂದ ಕೇಳಿದ ದನಿ ಅದಾಗಿರಲಿಲ್ಲ. ಆ ಫೋಲ್ಡರಿನ ಉಳಿದವನ್ನೂ ಒಂದೊಂದಾಗಿ ಕೇಳಿದೆ. ಭಂಡಿಗಡಿಯಲ್ಲಿ ಕೊಟ್ಟಿಗೆಯಲ್ಲಿ ಹಾವು ಕಚ್ಚಿಸಿಕೊಂಡವನ ಹೆಂಡತಿ. ಶೃಂಗೇರಿಯ ಹತ್ತಿರ ಮಗಳಿಗೆ ದಿನ ತುಂಬುವ ಮೊದಲೇ ನೋವು ಬಂದಿದ್ದ ಒಬ್ಬ ತಂದೆ. ಎಲ್ಲರೂ ನಿಜವಾಗಿ ಆದದ್ದನ್ನೇ ಹೇಳಿದ್ದರು, ಆದ ಹಾಗೆಯೇ ಹೇಳಿದ್ದರು. ಇಡೀ ಫೋಲ್ಡರಿನಲ್ಲಿ ಒಬ್ಬರೂ ನನ್ನ ಊಟ ವಿಚಾರಿಸಿರಲಿಲ್ಲ.

ನನಗೆ ಹೆದರಿಕೆಯಾಯಿತು. ಮೊದಲ ಹತ್ತು ಸೆಕೆಂಡು ಬಿಸಾಕಿದ್ದರೆ ಉಳಿಯುತ್ತಿದ್ದದ್ದು ಪುರುಸೊತ್ತಿನವರ ಮಾತು ಮಾತ್ರ.

ಮತ್ತೆ ಕಾಲು ಮಾಡಿ, ನಮ್ಮಲ್ಲಿ ಊಟ ಕೇಳದವರೇ ತುರ್ತಿನವರು, ಮಷಿನ್ನಿಗೆ ಅದನ್ನೇ ಕಲಿಸಬೇಕು ಎಂದೆ. "ಮರ್ಯಾದೆ ಇಲ್ಲದವರಿಗೆ ಮೊದಲ ಗಾಡಿಯಾ?" ಎಂದು ಮೇಲಿನವರು ಛೇಡಿಸಿದರು. ನಾನು ದೊಡ್ಡಮ್ಮನ ಫೈಲು ಹಾಕಿದೆ. ಪೂರ್ತಿ ಕೇಳಿಸಿಕೊಂಡು, "ಮಾಡಿ" ಎಂದರು. ಕಸದ ಫೋಲ್ಡರಿಗೆ ಹೋಗುವ ದಾರಿ ಮುಚ್ಚಿದೆ. ಮಾತು ಎಷ್ಟು ಉದ್ದವಿದ್ದರೂ ಪೂರ್ತಿ ಇರಲಿ, ಎಷ್ಟು ಚಿಕ್ಕದಿದ್ದರೂ ಇರಲಿ ಎಂದು ಬರೆದೆ. ಉಪಚಾರದ ಮಾತು ಇದೆಯೋ ಇಲ್ಲವೋ ಎಂಬ ಗುರುತನ್ನು ಪ್ರತಿ ಫೈಲಿಗೂ ಸೇರಿಸಿದೆ. ಈ ಸಲ ಮಷಿನ್ನು ಹಾವು ಕಚ್ಚಿದವನನ್ನು ಮೇಲೆ ಕೂರಿಸಿತು.

ನಂಬರು ಪ್ರಯೋಗಕ್ಕೆ ಶುರುವಾಯಿತು. ದೊಡ್ಡಮ್ಮ ನನ್ನ ಕೆಲಸ ಹೇಗೆ ನಡೆದಿದೆ ನೋಡಲೆಂದು ಅದಕ್ಕೆ ಆಗಾಗ ಫೋನು ಮಾಡಿ ಯೋಗಕ್ಷೇಮ ಕೇಳುತ್ತಿದ್ದರು. ಮಷಿನ್ನು ಅವರನ್ನು ಯಾವಾಗಲೂ ಪಟ್ಟಿಯ ತಳಕ್ಕೆ ತಳ್ಳುತ್ತಿತ್ತು. "ನಿನ್ನ ಮಷಿನ್ನಿಗೆ ಸೊಕ್ಕು ಮಾರಾಯ್ತಿ. ಒಂದು ಕಾಫಿ ಆಯ್ತಾ ಅಂತ ಕೇಳಲ್ಲ" ಎಂದು ನನ್ನ ಹತ್ತಿರ ದೂರು ಹೇಳುತ್ತಿದ್ದರು.

ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಲು ಎದ್ದವಳು ಪರದೆ ನೋಡಿದರೆ, ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಬಸರೀಕಟ್ಟೆ. ಒತ್ತಿ ಕೇಳಿದೆ.

"ಗಾಡಿ ಕಳ್ಸಿ. ಮತ್ತೆ ಎದೆ."

ಡಬ್ಬಿ ಮೇಜಿನ ಮೇಲೇ ಉಳಿಯಿತು. ನಾನು ಕೊಪ್ಪದ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದೆ. ಗಾಡಿ ಬಂತು. ದೊಡ್ಡಪ್ಪನನ್ನು ಸ್ಟ್ರೆಚರಿನಲ್ಲಿ ಒಳಗೆ ತೆಗೆದುಕೊಂಡು ಹೋದರು. ದೊಡ್ಡಮ್ಮ ಬೆಂಚಿನ ಮೇಲೆ ಕೂತು ಬಾಗಿಲನ್ನೇ ನೋಡುತ್ತಿದ್ದರು. ಟೀ ತಂದುಕೊಟ್ಟೆ, ಕೈಯಲ್ಲೇ ಆರಿತು. ಮಾತಾಡಿಸಿದೆ, ನಾನು ಯಾರೆಂದೇ ಗೊತ್ತಿಲ್ಲದವರಂತೆ ನೋಡಿದರು. ಜನ್ಮದಲ್ಲಿ ಮೊದಲ ಸಲ ನನಗೆ ಅವರ ಆ ಹಾಳು ಉಪಚಾರದ ಮಾತು ಬೇಕಾಗಿತ್ತು.

ಸಂಜೆಯ ಹೊತ್ತಿಗೆ ಡಾಕ್ಟರು ಹೊರಗೆ ಬಂದು, ಸರಿಯಾದ ಹೊತ್ತಿಗೆ ಕರೆತಂದಿರಿ, ಇನ್ನು ಹೆದರಬೇಡಿ ಎಂದರು. ತೆರೆದ ಬಾಗಿಲಿನಲ್ಲಿ ದೊಡ್ಡಪ್ಪ ಕಂಡರು. ಮುಖಕ್ಕೆ ಆಕ್ಸಿಜನ್ ಹಾಕಿತ್ತು, ಆದರೂ ಗಾಡಿಯವನು ತಿರುವಿನಲ್ಲಿ ಗೇರು ಹಾಕಿದ್ದು ಸರಿಯಿಲ್ಲ ಎಂದು ಕೈಯಲ್ಲೇ ತೋರಿಸಿ ನರ್ಸಿಗೆ ಹೇಳುತ್ತಿದ್ದರು.

ದೊಡ್ಡಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ನಾನು ಈಗಷ್ಟೇ ಬಂದೆನೋ ಎಂಬಂತೆ ನನ್ನ ಕಡೆ ತಿರುಗಿದರು.

"ಎಂತ ಮಾರಾಯ್ತಿ, ಊಟ ಆಯ್ತಾ ನಿಂದು?"

ಇಲ್ಲ ಎನ್ನಲು ಬಾಯಿ ತೆರೆದೆ. ಅಳು ಬಂತು.